ಬಾಗಿಲು ನಮ್ಮದು, ವಿಮಾನ ಯಾರದು?

ಓದುಗರ ಪತ್ರ: "ವಿಮಾನದ ಭಾಗಗಳನ್ನ ಹತ್ತು ದೇಶದಲ್ಲಿ ಮಾಡಿಸೋದನ್ನ ನೀವು ಯಾವಾಗ್ಲೂ ಬೈತೀರಿ. ನಮ್ಮ ಬೆಳಗಾವಿ ಹುಡುಗ್ರಿಗೆ ಕೆಲಸ ಸಿಕ್ಕಿದ್ದೇ ಅದರಿಂದ. ನನ್ನ ಮಗನೂ ಅಲ್ಲೇ ಇದಾನೆ. ಖರ್ಚೂ ಹಂಚಿಹೋಗುತ್ತೆ, ರಿಸ್ಕೂ ಹಂಚಿಹೋಗುತ್ತೆ. ತಪ್ಪೇನು?"

ಸಂಪಾದಕರ ಉತ್ತರ:

ಕೋಪದಲ್ಲೂ ವಿಷಯ ಬಿಟ್ಟು ಆಚೀಚೆ ಹೋಗಿಲ್ಲ ನೀವು, ಅದಕ್ಕೇ ಈ ಪತ್ರ ಆರಿಸ್ಕೊಂಡೆ. ಕೆಲಸದ ಮಾತು ಒಪ್ಪಿದೆ. ಏರ್‌ಬಸ್ ಕಂಪನಿಯ ಎ320 ವಿಮಾನದ ಮುಂದಿನ ಬಾಗಿಲುಗಳನ್ನ ಎಚ್‌ಎಎಲ್ ಬೆಂಗಳೂರಲ್ಲೇ ಮಾಡುತ್ತೆ, ಏರ್‌ಬಸ್ ಅಂತೂ 1970ರಲ್ಲಿ ಹುಟ್ಟಿದ್ದೇ ದೇಶಗಳು ಕೆಲಸ ಹಂಚ್ಕೊಂಡು. ಅಷ್ಟು ಸರಿ.

ಆದ್ರೆ ಸಾರ್, ಅಮೆರಿಕದ ಬೋಯಿಂಗ್ ಕಂಪನಿಯ 787 ವಿಮಾನದ ಕಥೆ ಒಂದ್ಸಲ ಪೂರ್ತಿ ಓದಿ. ರೆಕ್ಕೆ ಜಪಾನಿನ ನಾಗೋಯಾದಲ್ಲಿ, ನಡುಭಾಗ ಇಟಲಿಯ ಗ್ರೊಟ್ಟಾಲಿಯೆಯಲ್ಲಿ, ಮೂತಿ ಅಮೆರಿಕದ ವಿಚಿಟಾದಲ್ಲಿ, ಇದನ್ನೆಲ್ಲ ಹೊತ್ಕೊಂಡು ಬರೋಕೆ ಹಳೇ 747ಗಳನ್ನೇ ಹೊಟ್ಟೆ ಉಬ್ಬಿಸಿ ಬೇರೆ ವಿಮಾನ ಮಾಡ್ಕೊಂಡ್ರು. ಬರೀ ತಯಾರಿಕೆ ಹೊರಗೆ ಕೊಟ್ಟಿದ್ರೆ ಒಂದು ಮಾತು, ವಿವರವಾದ ಡಿಸೈನ್ ಕೆಲಸಾನೂ ಎಷ್ಟೋ ಕಡೆ ಸಪ್ಲೈಯರ್‌ಗಳ ಕೈಗೇ ಹೋಯ್ತು, ಅವರು ತಮ್ಮ ಕೆಳಗೆ ಇನ್ನೊಬ್ಬರನ್ನ ಹಿಡಿದ್ರು. 2007ರ ಜುಲೈ 8ಕ್ಕೆ ಬೋಯಿಂಗ್ ಇದನ್ನೆಲ್ಲ ಜೋಡಿಸೋ ಎವರೆಟ್‌ನಲ್ಲಿ ಬ್ಯಾಂಡು ಬಾರಿಸಿ ಹೊರಗೆ ಎಳೆದ ಮೊದಲ ವಿಮಾನ ಒಳಗೆ ಖಾಲಿ ಚಿಪ್ಪು, ಭಾಗಗಳನ್ನ ಬಿಗಿಯೋ ಸರಿಯಾದ ಫಾಸ್ಟನರ್ ಸಿಗದೆ ಎಷ್ಟೋ ಕಡೆ ತಾತ್ಕಾಲಿಕದ್ದು ಹಾಕಿದ್ರು. ಅದು ಹಾರಿದ್ದು 2009ರ ಡಿಸೆಂಬರಲ್ಲಿ. 2008ಕ್ಕೆ ಕೊಡ್ತೀವಿ ಅಂದಿದ್ದು ಗಿರಾಕಿ ಕೈ ಸೇರಿದ್ದು 2011ಕ್ಕೆ. ಚಾರ್ಲ್ಸ್‌ಟನ್‌ನ ಸಪ್ಲೈಯರ್ ಫ್ಯಾಕ್ಟರೀನ ಕೊನೆಗೆ ಬೋಯಿಂಗೇ ದುಡ್ಡು ಕೊಟ್ಟು ಕೊಂಡ್ಕೋಬೇಕಾಯ್ತು. ಈಗ ಹೇಳಿ, ರಿಸ್ಕ್ ಎಲ್ಲಿ ಹಂಚಿಹೋಯ್ತು?

ಬೋಯಿಂಗ್‌ನದೇ ಇಂಜಿನಿಯರ್ ಹಾರ್ಟ್-ಸ್ಮಿತ್ 2001ರಲ್ಲೇ ಇದನ್ನ ಬರೆದಿಟ್ಟಿದ್ರು, ಕೆಲಸ ಹೊರಗೆ ಹೋದ್ರೆ ಅದರ ಜೊತೆ ಲಾಭಾನೂ ಹೊರಗೆ ಹೋಗುತ್ತೆ, ಭಾಗಗಳು ಒಂದಕ್ಕೊಂದು ಕೂಡದೇ ಇದ್ರೆ ಆ ಖರ್ಚು ಮಾತ್ರ ಕೊನೆಗೆ ಜೋಡಿಸೋನ ತಲೆಗೇ ಬರುತ್ತೆ ಅಂತ. ಮನೆಯವರ ಮಾತೇ ಯಾರೂ ಕೇಳ್ಲಿಲ್ಲ. 2021ರಲ್ಲಿ ಮತ್ತೆ ಡೆಲಿವರಿ ನಿಂತಿದ್ದೂ ಜೋಡಣೆಯ ಸಂದಿನ ವಿಷಯಕ್ಕೇ, ಒಂದು ಇಂಚನ್ನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಐದು ಭಾಗದ ಲೆಕ್ಕ, ಅಂದ್ರೆ ಹೆಚ್ಚುಕಮ್ಮಿ ಒಂದು ಕೂದಲೆಳೆ.

ನಮ್ಮ ಪಕ್ಕದ ಬೀದೀಲಿ ಒಬ್ಬ ಹಿರಿಯರಿದಾರೆ, ವಿಮಾನದ ಫ್ಯಾಕ್ಟರೀಲಿ ಫಿಟ್ಟರ್ ಆಗಿ ರಿಟೈರ್ ಆದವರು. ಎರಡು ತಗಡಿನ ತೂತು ಕೂಡ್ಲಿಲ್ಲ ಅಂದ್ರೆ ಅವರು ಚೀಟಿ ಬರೀತಿರ್ಲಿಲ್ವಂತೆ, ಸೀದಾ ಪಕ್ಕದ ಶೆಡ್ಡಿಗೆ ಹೋಗಿ ಜಿಗ್ (ತೂತು ಕೊರೆಯುವಾಗ ತಗಡನ್ನ ಸರಿಯಾದ ಜಾಗದಲ್ಲಿ ಹಿಡಿಯೋ ಅಚ್ಚು) ಮಾಡಿದೋನನ್ನ ಕೈ ಹಿಡ್ಕೊಂಡು ಕರ್ಕೊಂಡು ಬಂದು ಅವನ ಬೆರಳನ್ನೇ ಆ ತೂತಿನ ಮೇಲೆ ಇಡ್ತಿದ್ರಂತೆ. ಮಧ್ಯಾಹ್ನದೊಳಗೆ ಜಿಗ್ ಸರಿ. ನಾಗೋಯಾದೋನ ಬೆರಳನ್ನ ಎವರೆಟ್‌ನಲ್ಲಿ ಹೇಗೆ ಇಡಿಸ್ತೀರಿ?

2024ರ ಜನವರೀಲಿ ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್‌ನಿಂದ ಹಾರಾಟದ ಮಧ್ಯೆ ಕಿತ್ತುಹೋದ ಡೋರ್ ಪ್ಲಗ್, ಅಂದ್ರೆ ಬೇಡದ ಬಾಗಿಲಿನ ಜಾಗ ಮುಚ್ಚೋ ಹಲಗೆ, ಮಲೇಷ್ಯಾದಲ್ಲಿ ಆಗಿದ್ದು, ಒಡಲು ವಿಚಿಟಾದಿಂದ ಬಂದಿದ್ದು, ಬೋಯಿಂಗ್‌ನ ರೆಂಟನ್ ಫ್ಯಾಕ್ಟರೀಲಿ ರಿವೆಟ್ ರಿಪೇರಿಗೆ ಅಂತ ಪ್ಲಗ್ ತೆಗೆದವರು ನಾಲ್ಕು ಬೋಲ್ಟ್ ವಾಪಸ್ ಹಾಕ್ಲಿಲ್ಲ, ತೆಗೆದಿದ್ದಕ್ಕೆ ದಾಖಲೇನೂ ಇಲ್ಲ. ತಪ್ಪು ಆಗಿದ್ದು ಬೋಯಿಂಗ್ ಶೆಡ್ಡಲ್ಲೇ ತಾನೇ ಅಂತ ನೀವು ಕೇಳಬಹುದು. ಹೌದು, ಆದ್ರೆ ಒಂದೇ ಸೂರಿನಡಿ ಎರಡು ಕಂಪನಿ ಜನ, ರಿಪೇರಿ ಒಡಲು ಕಳಿಸಿದವರದು, ತೆಗೆಯೋದು ಬೋಯಿಂಗ್‌ನವರದು. ನಮ್ಮ ರಸ್ತೆ ಕಾಮಗಾರಿ ನೋಡಿ, ಗುತ್ತಿಗೆದಾರ, ಅವನ ಕೆಳಗೆ ಉಪಗುತ್ತಿಗೆದಾರ, ಅವನ ಕೆಳಗೆ ಮತ್ತೊಬ್ಬ, ಡಾಂಬರು ಕಿತ್ತುಬಂದ ದಿನ ಒಬ್ಬನೂ ಫೋನ್ ಎತ್ತಲ್ಲ.

ನನಗೆ ಇನ್ನೂ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. 1961ರಲ್ಲಿ ಇದೇ ಬೆಂಗಳೂರಲ್ಲಿ ಡಿಸೈನ್ ಮಾಡಿದ ಮಾರುತ್ ಯುದ್ಧವಿಮಾನ ಹಾರಿತ್ತು, ಇಡೀ ವಿಮಾನ! ಆಮೇಲೆ ಆ ಕೈಗಳನ್ನ, ಆ ತಲೆಗಳನ್ನ ಒಟ್ಟಿಗೆ ಉಳಿಸ್ಕೊಳ್ಳಲಿಲ್ಲ ನಾವು, ತೇಜಸ್ ಹಾರೋದಕ್ಕೆ 2001 ಬರಬೇಕಾಯ್ತು. ಈಗ ಯಾರೋ ಕಳಿಸಿದ ಡ್ರಾಯಿಂಗ್‌ಗೆ ಸರಿಯಾಗಿ ಲೋಹ ಕಡೆದು ಕೊಟ್ರೆ ಮಂತ್ರಿಗಳು ಟೇಪ್ ಕತ್ತರಿಸ್ತಾರೆ, ನಾವು ಪತ್ರಿಕೆಯವರು ಮೊದಲ ಪುಟಕ್ಕೆ ಹಾಕ್ತೀವಿ. ಆ ಭಾಗ ಅದೇ ಆಕಾರದಲ್ಲಿ ಯಾಕಿದೆ ಅನ್ನೋದನ್ನ ನಮ್ಮ ಹುಡುಗ್ರಿಗೆ ಯಾರು ಹೇಳಿಕೊಡ್ತಾರೆ?

ನಿಮ್ಮ ಮಗನ್ನೇ ಕೇಳಿ. ಡ್ರಾಯಿಂಗಲ್ಲಿ ಏನೋ ಸರಿ ಇಲ್ಲ ಅಂತ ಅನ್ನಿಸಿದ್ರೆ ಅವನು ಯಾರಿಗೆ ಹೇಳ್ತಾನೆ, ಅವನ ಮಾತು ಅಲ್ಲಿ ಜೋಡಿಸೋನ ಕಿವಿವರೆಗೆ ಹೋಗುತ್ತಾ? ಅವನ ಉತ್ತರ ಅವನ ಮಾತಲ್ಲೇ ಬರೆಸಿ ಕಳ್ಸಿ, ನನ್ನ ವಾದಕ್ಕೆ ವಿರುದ್ಧ ಇದ್ರೂ ಒಂದಕ್ಷರ ಕತ್ತರಿಸದೆ ಹಾಕ್ತೀನಿ.