ಗುಡ್ಡದ ದಾರಿಯ ನೀಲಿ ಹೂವು ಯಾವುದು?

ಪ್ರಶ್ನೆ: ಸರ್, ನಮಸ್ಕಾರ. ದಿನಾ ಬೆಳಿಗ್ಗೆ ಗುಡ್ಡದ ಕಡೆ ವಾಕಿಂಗ್ ಹೋಗುತ್ತೇನೆ. ಬಂಡೆ ಸಂದಿಯ ಗರಸು ಮಣ್ಣಿನಲ್ಲಿ ನೆಲಕ್ಕೆ ಅಂಟಿಕೊಂಡು ಒಂದು ಸಣ್ಣ ಗಿಡ ಹಬ್ಬಿದೆ. ಅಂಗಿ ಗುಂಡಿಯಷ್ಟು ನೀಲಿ ಹೂ. ಕಿತ್ತು ತಂದರೆ ಮಧ್ಯಾಹ್ನದ ಹೊತ್ತಿಗೆ ಮುದುಡಿ ಹೋಗಿತ್ತು. ಮೊಬೈಲ್ ಆಪ್ ಮೂರು ಸಲಕ್ಕೆ ಮೂರು ಹೆಸರು ಹೇಳಿತು. ನಮ್ಮ ಅತ್ತೆ ಇದು ವಿಷ್ಣುಕ್ರಾಂತಿ ಅಂತಾರೆ. ಪಕ್ಕದ ಮನೆ ಅಜ್ಜ, ಶಂಖಪುಷ್ಪಿ ಇದು, ನೆನಪಿನ ಶಕ್ತಿಗೆ ಒಳ್ಳೇದು, ಎಸ್ಸೆಸ್ಸೆಲ್ಸಿ ಓದುವ ಮಗನಿಗೆ ಕಷಾಯ ಮಾಡಿ ಕುಡಿಸು ಅಂತಾರೆ. ಎರಡು ಫೋಟೋ ಕಳಿಸಿದ್ದೇನೆ. ಯಾರ ಮಾತು ಸರಿ?
– ಓದುಗರು, ಕೊಪ್ಪಳ

ಉತ್ತರ: ನಿಮ್ಮ ಅತ್ತೆಯವರ ಮಾತು ಸರಿ. ವಿಷ್ಣುಕ್ರಾಂತಿಯೇ. ಸಸ್ಯಶಾಸ್ತ್ರದ ಹೆಸರು ಇವಾಲ್ವುಲಸ್ ಆಲ್ಸಿನಾಯ್ಡಿಸ್.

ಆದರೆ ನಾನು ಇದನ್ನು ಹೇಳುತ್ತಿರುವುದು ನಿಮ್ಮ ಮೊದಲ ಫೋಟೋ ನೋಡಿ ಅಲ್ಲ. ಅದರಲ್ಲಿ ಮೇಲಿನಿಂದ ತೆಗೆದ ಒಂದು ನೀಲಿ ಬಿಲ್ಲೆ ಬಿಟ್ಟರೆ ಏನೂ ಇಲ್ಲ, ಆಪ್ ತಬ್ಬಿಬ್ಬಾದದ್ದೂ ಅದಕ್ಕೇ ಇರಬೇಕು. ಕೆಲಸಕ್ಕೆ ಬಂದದ್ದು ಎರಡನೆಯದು, ಒಂದು ಎಳೆಯನ್ನು ಬೆರಳಿನಿಂದ ಎತ್ತಿ ಹಿಡಿದಿದ್ದೀರಲ್ಲ, ಅದು. ಅದರಲ್ಲಿ ಎಲೆಗಳು ಜೋಡಿಯಾಗಿಲ್ಲ, ಆ ಕಡೆ ಒಂದು ಈ ಕಡೆ ಒಂದು ಎಂದು ಬಿಡಿಬಿಡಿಯಾಗಿ ಕೂತಿವೆ. ದಂಟು, ಎಲೆ ಎರಡರ ಮೇಲೂ ರೇಷ್ಮೆಯಂಥ ಸಣ್ಣ ಕೂದಲು. ಎಲೆಯ ಕಂಕುಳಿನಿಂದ ದಾರದಷ್ಟು ತೆಳ್ಳಗಿನ ತೊಟ್ಟು ಹೊರಟು ಅದರ ತುದಿಗೆ ಹೂ.

ಇಷ್ಟಾದರೂ ಒಂದು ಪರೀಕ್ಷೆ ಬಾಕಿ ಇದೆ, ಅದನ್ನು ನೀವೇ ಮಾಡಿ. ಬೆಳಿಗ್ಗೆ ಅರಳಿದ ಹೂವನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಐದು ಪಕಳೆ ಇದ್ದ ಹಾಗೆ ಕಂಡರೂ ಅದು ಕೊಡೆಯ ಬಟ್ಟೆ ಥರ ಒಂದೇ ತುಂಡಾಗಿ ಕೈಗೆ ಬರುತ್ತದೆ, ಜೊತೆಗೆ ಅದಕ್ಕೆ ಅಂಟಿದ ಐದು ಕೇಸರಗಳೂ ಬರುತ್ತವೆ. ಈಗ ತೊಟ್ಟಿನ ಮೇಲೆ ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡಿ. ಪುಟ್ಟ ಅಂಡಾಶಯ, ಅದರ ನೆತ್ತಿಯಿಂದ ಎರಡು ಸಣ್ಣ ಕಡ್ಡಿ, ಒಂದೊಂದು ಕಡ್ಡಿಯೂ ಮತ್ತೆ ಎರಡಾಗಿ ಕವಲೊಡೆದು ಒಟ್ಟು ನಾಲ್ಕು ತುದಿ. ನಾಲ್ಕು ಸಿಕ್ಕರೆ ಇವಾಲ್ವುಲಸ್. ಒಂದೇ ಕಡ್ಡಿ ಇದ್ದು ತುದಿ ಮಾತ್ರ ಎರಡಾಗಿದ್ದರೆ ಅದು ಇದರ ದಾಯಾದಿ ಕಾನ್ವಾಲ್ವುಲಸ್. ಇಬ್ಬರೂ ಗೆಣಸಿನ ಮನೆತನದವರೇ. ಲ್ಯಾಟಿನ್ನಿನಲ್ಲಿ ಕಾನ್ವಾಲ್ವುಲಸ್ ಅಂದರೆ ಸುತ್ತಿಕೊಳ್ಳುವುದು, ಇವಾಲ್ವುಲಸ್ ಅಂದರೆ ಬಿಚ್ಚಿಕೊಳ್ಳುವುದು. ಇದು ಯಾವುದಕ್ಕೂ ಸುತ್ತಿಕೊಳ್ಳದೆ ನೆಲದ ಮೇಲೆ ಕಾಲು ಚಾಚಿ ಮಲಗುವ ಗಿಡವಾದ್ದರಿಂದ ಆ ಹೆಸರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನೂ ಕಾನ್ವಾಲ್ವುಲಸ್ ಗುಂಪಿಗೇ ಸೇರಿಸಿದ್ದ, 1762ರಲ್ಲಿ ಬೇರೆ ಮಾಡಿದ. ಅವನೇ ತಿದ್ದಿಕೊಂಡ ಮೇಲೆ ನಿಮ್ಮ ಆಪ್‌ನದೇನು ದೊಡ್ಡ ತಪ್ಪು ಬಿಡಿ.

ಹೂ ಮುದುಡುವುದನ್ನು ಮಾತ್ರ ಗುರುತು ಅಂತ ಹಿಡಿಯಬೇಡಿ. ವಿಷ್ಣುಕ್ರಾಂತಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ಚಳಿಗಾಲದ ಬೆಳೆಯ ಹೊಲದಲ್ಲಿ ಕಳೆಯಾಗಿ ಬರುವ ಅನಾಗಲಿಸ್ ಎಂಬ ಇನ್ನೊಂದು ನೀಲಿ ಹೂವೂ ಮಧ್ಯಾಹ್ನ ಮುಚ್ಚುತ್ತದೆ, ಅದು ವಿಷದ ಗಿಡ. ಮೇಲಿನಿಂದ ನೋಡಿದರೆ ಅದೇ ಅಳತೆ, ಅದೇ ಐದು ಪಕಳೆ. ಕೈಗೆ ತೆಗೆದುಕೊಂಡರೆ ಒಂದೂ ಹೊಂದುವುದಿಲ್ಲ. ದಂಟು ಚೌಕ, ಕೂದಲಿಲ್ಲದೆ ನುಣ್ಣಗೆ. ಎಲೆಗೆ ತೊಟ್ಟಿಲ್ಲ, ಎದುರುಬದುರು ಜೋಡಿಯಾಗಿ ಕೂತಿರುತ್ತದೆ. ಹೂವಿನ ನಡುವೆ ಕೆಂಪು-ನೇರಳೆ ಚುಕ್ಕೆ. ಕಾಯಿ ಒಣಗಿದಾಗ ಮೇಲ್ಭಾಗ ಕುಂಕುಮದ ಭರಣಿಯ ಮುಚ್ಚಳದಂತೆ ಕಳಚಿಕೊಳ್ಳುತ್ತದೆ. ವಿಷ್ಣುಕ್ರಾಂತಿಯ ದುಂಡನೆ ಕಾಯಿ ಹಾಗಲ್ಲ, ನಾಲ್ಕು ಹೋಳಾಗಿ ಸೀಳುತ್ತದೆ.

ಇದನ್ನು ಇಷ್ಟು ಉದ್ದ ಹೇಳುತ್ತಿರುವುದಕ್ಕೆ ಕಾರಣ ಇದೆ. ಓದುವ ದಿನಗಳಲ್ಲಿ ನಾನೇ ಅನಾಗಲಿಸ್ ಒಣಗಿಸಿ, ಹಾಳೆಗೆ ಅಂಟಿಸಿ, ಅಂದವಾದ ಅಕ್ಷರದಲ್ಲಿ ವಿಷ್ಣುಕ್ರಾಂತಿ ಅಂತ ಬರೆದು ಗುರುಗಳ ಮುಂದೆ ಇಟ್ಟಿದ್ದೆ. ಅವರು ಬೈಯಲಿಲ್ಲ. ಪೆನ್ನಿನ ತುದಿಯಿಂದ ಆ ಜೋಡಿ ಎಲೆಗಳನ್ನು ತೋರಿಸಿ ಹಾಳೆ ವಾಪಸ್ ಕೊಟ್ಟರು. ನೀಲಿ ಕಂಡ ಕೂಡಲೇ ನಾನು ನೋಡುವುದನ್ನೇ ನಿಲ್ಲಿಸಿದ್ದೆ.

ಇನ್ನು ಅಜ್ಜನ ಮಾತು. ಅವರದೂ ಪೂರ್ತಿ ತಪ್ಪಲ್ಲ. ಶಂಖಪುಷ್ಪಿ ಅನ್ನುವುದು ಒಂದು ಗಿಡದ ಹೆಸರಾಗಿ ಉಳಿದೇ ಇಲ್ಲ. ಉತ್ತರ ಭಾರತದ ಕಡೆ ಕಾನ್ವಾಲ್ವುಲಸ್ ಜಾತಿಯ ಒಂದು ಗಿಡಕ್ಕೆ ಹಾಗನ್ನುತ್ತಾರೆ, ಕೇರಳದಲ್ಲಿ ಬೇಲಿ ಮೇಲೆ ಹಬ್ಬುವ ಕ್ಲಿಟೋರಿಯಾ ಎಂಬ ಬಳ್ಳಿಗೆ, ಕೆಲವು ಕಡೆ ಈ ವಿಷ್ಣುಕ್ರಾಂತಿಗೇ. ಹೆಸರು ಇಷ್ಟು ಅಲೆದಾಡುವಾಗ ಹೆಸರನ್ನು ನಂಬಿ ಮಗನಿಗೆ ಕಷಾಯ ಕುಡಿಸಬೇಡಿ. ಕೊಡಲೇಬೇಕು ಅನ್ನಿಸಿದರೆ ಓದಿದ ಆಯುರ್ವೇದ ವೈದ್ಯರನ್ನು ಕೇಳಿ, ಗಿಡವನ್ನೂ ತೋರಿಸಿ. ಹಾಂ, ಬೇರು ಸಮೇತ ಕೀಳಬೇಡಿ. ಈ ಗಿಡಕ್ಕೆ ಕಟ್ಟಿಗೆಯಂಥ ಗಟ್ಟಿ ಬೇರಿದೆ, ಬುಡ ಉಳಿದರೆ ಮತ್ತೆ ಚಿಗುರುತ್ತದೆ.

ಪ್ರಶ್ನೆ: ನಮ್ಮ ಕಾಂಪೌಂಡಿಗೆ ನೀಲಿ ಹೂವಿನ ಬಳ್ಳಿ ಹಬ್ಬಿದೆ. ಟೀ ಮಾಡ್ತಾರಲ್ಲ, ಅದು. ಎಲ್ಲರೂ ಶಂಖಪುಷ್ಪ ಅಂತಾರೆ. ಇದೂ ವಿಷ್ಣುಕ್ರಾಂತಿಯೂ ಒಂದೇನಾ?
– ಓದುಗರು, ಸಿಂಧನೂರು

ಉತ್ತರ: ಅಲ್ಲವೇ ಅಲ್ಲ. ನಿಮ್ಮದು ಕ್ಲಿಟೋರಿಯಾ, ಅವರೆ-ಬಟಾಣಿ ಕುಟುಂಬದ್ದು. ಒಂದು ಎಲೆ ಕಿತ್ತು ನೋಡಿ, ಐದೋ ಏಳೋ ಕಿರುಎಲೆ ಸೇರಿ ಒಂದಾಗಿರುತ್ತದೆ. ಕಾಯಿ ಬಟಾಣಿ ಸಿಪ್ಪೆಯ ಹಾಗೆ ಚಪ್ಪಟೆ. ಹೂವಿನಲ್ಲಿ ಒಂದು ಪಕಳೆ ಮಾತ್ರ ದೊಡ್ಡದಾಗಿ, ಬಾವುಟದಂತೆ ಹರಡಿಕೊಂಡಿರುತ್ತದೆ. ಬಟಾಣಿಯಲ್ಲಿ ಅದು ಮೇಲೆ ನಿಂತರೆ ನಿಮ್ಮ ಬಳ್ಳಿಯಲ್ಲಿ ಹೂವೇ ತಲೆಕೆಳಗಾಗಿ ಅದು ಕೆಳಗೆ ಬಂದಿರುತ್ತದೆ. ಟೀ ಮಾಡಿದಾಗ ಎರಡು ಹನಿ ನಿಂಬೆರಸ ಹಿಂಡಿ, ನೀಲಿ ಹೋಗಿ ನೇರಳೆ ಆಗುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನಾಗಿರುತ್ತದೆ.