ಸ್ಪೇಸ್ ಇರುವ ಫೈಲ್ ಹೆಸರು ಎರಡು ತುಂಡಾಗುವುದು ಯಾಕೆ?

ಪವರ್‌ಶೆಲ್‌ನಲ್ಲಿ (ಕಮಾಂಡ್ ಬರೆದು ಕೆಲಸ ಮಾಡಿಸುವ ಸಾಧನ) ಪ್ರೋಗ್ರಾಮ್ ಶುರು ಮಾಡುವ ಸ್ಟಾರ್ಟ್-ಪ್ರೋಸೆಸ್ ಕಮಾಂಡ್ ಬಳಸಿ, ವಿಡಿಯೋ ಪ್ರೋಗ್ರಾಮ್ ಎಫ್‌ಎಫ್‌ಎಂಪೆಗ್‌ಗೆ ಅರೇ (ಹಲವು ಅಂಶಗಳ ಪಟ್ಟಿ) ಕೊಟ್ಟರೂ "ಮದುವೆ ವಿಡಿಯೋ" ಅನ್ನುವ ಫೈಲ್ ಹೆಸರು ಎರಡು ತುಂಡಾಗುತ್ತಿದೆ ಅಂದಿದ್ದೀರಿ. ತಪ್ಪು ನಿಮ್ಮದಲ್ಲ. ಆರ್ಗ್ಯುಮೆಂಟ್, ಅಂದರೆ ಪ್ರೋಗ್ರಾಮ್‌ಗೆ ಕೊಡುವ ಮಾಹಿತಿ, ಹೋಗುವುದು ಆ ಕಮಾಂಡಿನ ಆರ್ಗ್ಯುಮೆಂಟ್‌ಲಿಸ್ಟ್ ಮೂಲಕ; ಅದು ಆ ಅರೇಯನ್ನು ಸುಮ್ನೆ ಸ್ಪೇಸ್ ಹಾಕಿ ಜೋಡಿಸುತ್ತದೆ, ಕೋಟ್ಸ್ ಸೇರಿಸುವುದಿಲ್ಲ. ಎಷ್ಟೋ ಜನರ ಸ್ಕ್ರಿಪ್ಟ್ ಮುರಿಯುವುದು ಇಲ್ಲೇ.

ಬೇರೆ ವಿಂಡೋ ಅಥವಾ ಅಡ್ಮಿನ್ ಹಕ್ಕು ಬೇಡ ಅಲ್ವಾ? ಹಾಗಿದ್ದರೆ & ಚಿಹ್ನೆ ಹಾಕಿ, ಪ್ರೋಗ್ರಾಮ್ ಹೆಸರು ಬರೆದು, ಮುಂದೆ ಅರೇ ವೇರಿಯಬಲ್ ಕೊಡಿ. ಪ್ರತಿ ಅಂಶವೂ ಒಂದೊಂದು ಆರ್ಗ್ಯುಮೆಂಟ್ ಆಗಿ ಹೋಗುತ್ತದೆ. ಸ್ಪೇಸ್ ಇದ್ದರೆ ಪವರ್‌ಶೆಲ್ ತಾನೇ ಕೋಟ್ಸ್ ಹಾಕುತ್ತದೆ. ವೇರಿಯಬಲ್‌ಗೆ $ಆರ್ಗ್ಸ್ ಅಂತ ಮಾತ್ರ ಹೆಸರಿಡಬೇಡಿ, ಅದು ಪವರ್‌ಶೆಲ್ ತನಗೇ ಇಟ್ಟುಕೊಂಡ ಹೆಸರು.

ಆರ್ಗ್ಯುಮೆಂಟ್ ಒಳಗೇ ಡಬಲ್ ಕೋಟ್ಸ್ ಇದ್ದರೆ ಪವರ್‌ಶೆಲ್ ಆವೃತ್ತಿ 5.1ರಲ್ಲಿ ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಬೇಕು. 7.3ರಿಂದ ಈ ಕಾಟ ಬಹಳ ಮಟ್ಟಿಗೆ ಇಲ್ಲ.

ಸ್ಟಾರ್ಟ್-ಪ್ರೋಸೆಸ್ಸೇ ಬೇಕಾದರೆ ಪಾತ್ ಸುತ್ತ ಡಬಲ್ ಕೋಟ್ಸ್, ಅದರ ಹೊರಗೆ ಸಿಂಗಲ್ ಕೋಟ್ಸ್ ಹಾಕಿ.