ರಜೆ ಮುಗಿಯುವ ಸಂಜೆಯ ಹೊಟ್ಟೆನೋವು

"ನಾನು ಸೋಮಾರಿಯಾಗಿಬಿಟ್ಟಿದ್ದೇನೆ, ಮೊದಲು ಹೀಗಿರಲಿಲ್ಲ" ಎಂಬುದು ಅವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದು ಕುಳಿತ ಮೇಲೆ ಆಡಿದ ಮೊದಲ ಮಾತು. 38 ವರ್ಷದ ಈ ಮಹಿಳೆ ಒಂದು ವಿಮಾ ಸಂಸ್ಥೆಯಲ್ಲಿ ಪರಿಹಾರ ಕೋರಿ ಬರುವ ಅರ್ಜಿಗಳನ್ನು ಪರಿಶೀಲಿಸುವ ವಿಭಾಗದಲ್ಲಿ 11 ವರ್ಷಗಳಿಂದ ಇದ್ದರು. ಎರಡು ವರ್ಷಗಳ ಹಿಂದೆ ಬಡ್ತಿ ಪಡೆದು ಎಂಟು ಮಂದಿಯ ತಂಡಕ್ಕೆ ಮೇಲ್ವಿಚಾರಕಿಯಾಗಿದ್ದರು. ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯುವ ಮುನ್ನ ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ವಾರದ ರಜೆ ಮುಗಿಯುವ ಸಂಜೆ ಹೊಟ್ಟೆಯಲ್ಲಿ ಹಿಂಡಿದಂತಹ ನೋವು ಬರುತ್ತಿತ್ತು. ವೈದ್ಯರು ಪರೀಕ್ಷೆ ಮಾಡಿಸಿ ಯಾವ ರೋಗವೂ ಇಲ್ಲವೆಂದಿದ್ದರು. ಕಚೇರಿಯಲ್ಲಿ ಕಡತ ತೆರೆದರೆ ಒಂದೇ ಪುಟದ ಮೇಲೆ ಇಪ್ಪತ್ತು ನಿಮಿಷ ಕಣ್ಣು ನೆಟ್ಟು ಕೂರುವಂತಾಗಿತ್ತು. ತಂಡದ ಕಿರಿಯರು ಏನಾದರೂ ಕೇಳಲು ಬಂದರೆ ಸಿಡುಕುತ್ತಿದ್ದರು, ಆಮೇಲೆ ಅದಕ್ಕಾಗಿ ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು. ಇಷ್ಟನ್ನೂ ಅವರು ತಮ್ಮ ಸ್ವಭಾವದ ಲೋಪಗಳ ಪಟ್ಟಿಯಂತೆ ಹೇಳಿದರೇ ಹೊರತು, ಕೆಲಸದಲ್ಲಿ ಏನೋ ಸರಿಯಿಲ್ಲದಿರಬಹುದೆಂಬ ಸಂದೇಹ ಒಮ್ಮೆಯೂ ಅವರ ಮಾತಿನಲ್ಲಿ ಸುಳಿಯಲಿಲ್ಲ. ಕೆಲಸದ ಅತೃಪ್ತಿಯನ್ನು ಹೊತ್ತು ಬರುವವರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ದುಡಿಯುವುದರಲ್ಲಿ ನಿಷ್ಠೆ ಹೆಚ್ಚಿದ್ದಷ್ಟೂ ತಪ್ಪು ತಮ್ಮದೇ ಎಂದುಕೊಳ್ಳುವುದು ಹೆಚ್ಚು.

ಮೊದಲು ತಿಳಿಯಬೇಕಾದದ್ದು, ಇದು ಖಿನ್ನತೆಯೇ ಅಲ್ಲವೇ ಎಂಬುದು. ನಿದ್ರೆ, ಹಸಿವು, ಇಷ್ಟದ ಸಂಗತಿಗಳಲ್ಲಿ ಉಳಿದಿರುವ ಆಸಕ್ತಿ, ಬದುಕೇ ಬೇಡವೆನ್ನುವ ಯೋಚನೆ ಬರುತ್ತದೆಯೇ ಎಂಬುದು, ಇವೆಲ್ಲವನ್ನೂ ನೇರವಾಗಿಯೇ ಕೇಳಿದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರಗಳಿಗೂ ಮೀರಿ ಇದ್ದರೆ ಮನೋವೈದ್ಯರ ಬಳಿ ಕಳುಹಿಸುವುದಕ್ಕೆ ನಾನು ತಡಮಾಡುವುದಿಲ್ಲ. ಇವರ ವಿಷಯದಲ್ಲಿ ರಜೆಯ ಮೊದಲ ದಿನ ನಗು, ಹರಟೆ, ತೋಟದ ಕೆಲಸ ಎಲ್ಲವೂ ಹಿಂದಿನಂತೆಯೇ ಇದ್ದವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಲಾರಂಭಿಸುತ್ತಿತ್ತು. ದುಃಖ ಹೀಗೆ ಗಡಿಯಾರ ನೋಡಿಕೊಂಡು ಬರುತ್ತಿದ್ದರೆ, ಆ ಗಡಿಯಾರ ಇರುವ ಗೋಡೆಯನ್ನೇ ಹುಡುಕಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾಗಿ 2022ರಿಂದ ಜಾರಿಯಲ್ಲಿರುವ ತನ್ನ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬುದನ್ನು ಕಾಯಿಲೆಯೆಂದು ಪರಿಗಣಿಸದೆ, ವೃತ್ತಿಗೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿದೆ. ಅದು ಹೇಳುವ ಲಕ್ಷಣಗಳು ಮೂರು: ಶಕ್ತಿ ಬತ್ತಿಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ತಾತ್ಸಾರ ಹುಟ್ಟುವುದು, ತನ್ನಿಂದ ಕೆಲಸ ಸರಿಯಾಗಿ ಆಗುತ್ತಿಲ್ಲವೆನಿಸುವುದು. ಈ ಮೂರನ್ನು ನಾನು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದಕ್ಕೊಂದು ಹೆಸರಿದೆ" ಎಂದರು. ಹೆಸರು ಸಿಕ್ಕಿದ್ದೇ ಅರ್ಧ ಗೆದ್ದಂತೆ ಎಂದು ಆ ದಿನ ನನಗೂ ಅನ್ನಿಸಿತ್ತು. ಅದು ಅವಸರದ ಎಣಿಕೆಯಾಗಿತ್ತು.

ನನ್ನ ತಪ್ಪನ್ನು ಇಲ್ಲಿ ಹೇಳಬೇಕು. ಎಂಟು ಮಂದಿಯ ಹೊಣೆ, ತಡರಾತ್ರಿಯ ಸಂದೇಶಗಳು, ಮುಗಿಯದ ಕಡತಗಳು ಎಂದು ಕೇಳಿದೊಡನೆ ಇದು ಕೆಲಸದ ಹೊರೆಯ ಪ್ರಶ್ನೆಯೆಂದು ನಾನು ತೀರ್ಮಾನಿಸಿದೆ; ಬಾಕಿಯಿದ್ದ ರಜೆಯಲ್ಲಿ ಹತ್ತು ದಿನ ತೆಗೆದುಕೊಂಡು, ಆ ದಿನಗಳಲ್ಲಿ ಕಚೇರಿಯ ಸಂದೇಶಗಳನ್ನು ನೋಡಬಾರದೆಂದು ಸೂಚಿಸಿದೆ. ಅವರು ಚಾಚೂ ತಪ್ಪದೆ ಪಾಲಿಸಿದರು, ಹಗುರಾಗಿ ಹಿಂದಿರುಗಿದರು, ಮೂರನೆಯ ದಿನವೇ ಹೊಟ್ಟೆನೋವು ಮರಳಿತು. ವಿಶ್ರಾಂತಿ ದಣಿವಿಗೆ ಮದ್ದಾಗಬಲ್ಲದೇ ಹೊರತು, ದಣಿವು ಎಲ್ಲಿಂದ ಹುಟ್ಟುತ್ತಿದೆಯೋ ಆ ಜಾಗವನ್ನು ಅದು ಮುಟ್ಟುವುದಿಲ್ಲ. ಅವರು "ನೀವು ಹೇಳಿದ್ದೂ ಫಲಿಸಲಿಲ್ಲ" ಎಂದು ಬೇಸರದಿಂದ ಹೇಳಿದ್ದರಲ್ಲಿ ನ್ಯಾಯವಿತ್ತು.

ಆಮೇಲೆ ಎರಡು ವಾರಗಳ ಕಾಲ ಒಂದು ಪುಟ್ಟ ದಿನಚರಿ ಇಡಲು ಕೇಳಿಕೊಂಡೆ. ದಿನಕ್ಕೆ ಮೂರು ಬಾರಿ, ತಲಾ ಎರಡು ಸಾಲು ಸಾಕು: ಈಗ ಏನು ಮಾಡುತ್ತಿದ್ದೆ, ಮನಸ್ಸು ಸೊನ್ನೆಯಿಂದ ಹತ್ತರೊಳಗೆ ಎಷ್ಟರಲ್ಲಿತ್ತು, ಈ ಕೆಲಸದಲ್ಲಿ ತೀರ್ಮಾನ ಯಾರದ್ದಾಗಿತ್ತು. ಮೂರನೆಯ ಪ್ರಶ್ನೆಯನ್ನು ಸೇರಿಸಿದ್ದಕ್ಕೆ ಕಾರಣವಿದೆ. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಕೆಲಸದ ಒತ್ತಡ ಹೆಚ್ಚಿರುವುದಕ್ಕಿಂತ, ಒತ್ತಡ ಹೆಚ್ಚಿದ್ದೂ ತೀರ್ಮಾನಿಸುವ ಅಧಿಕಾರ ಕಡಿಮೆಯಿರುವ ಸ್ಥಿತಿಯೇ ಮನುಷ್ಯನನ್ನು ಹೆಚ್ಚು ಹಣ್ಣುಮಾಡುತ್ತದೆ.

ದಿನಚರಿ ತೆರೆದಾಗ ನಮ್ಮಿಬ್ಬರಿಗೂ ಅಚ್ಚರಿಯಾಯಿತು. ಅತಿ ಹೆಚ್ಚು ದುಡಿದ ದಿನದಲ್ಲೇ ಅತಿ ಹೆಚ್ಚಿನ ಅಂಕವೂ ಇತ್ತು: ಅಂದು ಸಹೋದ್ಯೋಗಿಯೊಬ್ಬರ ಗೈರುಹಾಜರಿಯಲ್ಲಿ ಅವರೇ ಒಂದು ಜಟಿಲವಾದ ಕಡತವನ್ನು ಬೆಳಗಿನಿಂದ ಸಂಜೆಯವರೆಗೆ ಬಿಡಿಸಿದ್ದರು. ಒಂದು, ಎರಡು ಎಂಬ ಅಂಕಗಳೆಲ್ಲ ಒಂದೇ ಬಗೆಯ ಗಳಿಗೆಗಳ ಮುಂದೆ ಸಾಲುಗಟ್ಟಿದ್ದವು. ಮೇಲಿನವರು ನಿಗದಿಪಡಿಸಿದ ಗುರಿಯನ್ನು ತಾವೇ ನಿಗದಿಪಡಿಸಿದವರಂತೆ ತಂಡಕ್ಕೆ ತಿಳಿಸುವುದು, ತಮಗೇ ಒಪ್ಪಿಗೆಯಿಲ್ಲದ ಅರ್ಜಿ ತಿರಸ್ಕಾರಕ್ಕೆ ಸಹಿ ಹಾಕುವುದು, ಅರ್ಜಿದಾರರ ಕೋಪಕ್ಕೆ ಉತ್ತರ ಕೊಡಬೇಕಾದ ಕಿರಿಯರ ಎದುರು ಕುಳಿತು ಸಮಜಾಯಿಷಿ ಹೇಳುವುದು. ಬಡ್ತಿಯ ಹೆಸರಿನಲ್ಲಿ ಅವರು ಪ್ರೀತಿಸುತ್ತಿದ್ದ ಕೆಲಸ ಕೈಬಿಟ್ಟುಹೋಗಿತ್ತು, ಅದರ ಜಾಗದಲ್ಲಿ ಅಧಿಕಾರವಿಲ್ಲದ ಹೊಣೆ ಬಂದು ಕುಳಿತಿತ್ತು. ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿಯೇ, ಸಂಬಳವೂ ಸೌಲಭ್ಯವೂ ಅತೃಪ್ತಿಯನ್ನು ತಗ್ಗಿಸಬಲ್ಲವೇ ಹೊರತು ತೃಪ್ತಿ ಹುಟ್ಟುವುದು ಕೆಲಸದ ಒಳಗಿನಿಂದ ಎಂದು ವಾದಿಸಿದ್ದರು. ಆ ವಾದಕ್ಕೆ ಮುಂದೆ ಸಾಕಷ್ಟು ಆಕ್ಷೇಪಗಳು ಬಂದಿದ್ದರೂ, ಹೆಚ್ಚಾದ ಸಂಬಳ ಈ ಮಹಿಳೆಗೆ ಏಕೆ ಸಮಾಧಾನ ತರಲಿಲ್ಲ ಎಂಬುದನ್ನು ಅದು ಚೆನ್ನಾಗಿಯೇ ವಿವರಿಸುತ್ತದೆ.

ಈ ಹೊತ್ತಿಗೆ ಅವರ ಸುತ್ತಲಿನವರ ಸಲಹೆ ಎರಡು ಪಾಳಯವಾಗಿ ಒಡೆದಿತ್ತು. ಗೆಳತಿಯರು ರಾಜೀನಾಮೆ ಬಿಸಾಡಿ ಬಾ ಎನ್ನುತ್ತಿದ್ದರು, ಹಿರಿಯರು ಇರುವ ಕೆಲಸ ಉಳಿಸಿಕೋ ಎನ್ನುತ್ತಿದ್ದರು. ಇಬ್ಬರೂ ಕೆಲಸವನ್ನು ಇಡಿಯಾಗಿ ಒಂದೇ ವಸ್ತುವೆಂದು ನೋಡುತ್ತಿದ್ದುದರಿಂದ, ಯಾರ ಮಾತಿನಿಂದಲೂ ಅವರಿಗೆ ದಾರಿ ಕಾಣಲಿಲ್ಲ. ನಾನು ಹೇಳಿದ್ದು, ಬಿಡುವ ಅಥವಾ ಉಳಿಯುವ ತೀರ್ಮಾನವನ್ನು ಸದ್ಯಕ್ಕೆ ಬದಿಗಿಟ್ಟು, ಕೆಲಸದ ಯಾವ ಭಾಗ ಬದಲಾದರೆ ಉಳಿದದ್ದನ್ನು ಸಹಿಸಬಹುದೆಂದು ಬರೆದುಕೊಳ್ಳಿ ಎಂದು. ಮೂರು ಕೋರಿಕೆಗಳು ಮೂಡಿದವು: ವಾರದಲ್ಲಿ ಎರಡು ಬೆಳಗು ಜಟಿಲ ಕಡತಗಳನ್ನು ತಾವೇ ಪರಿಶೀಲಿಸಲು ಬಿಡಬೇಕು, ಗುರಿಗಳನ್ನು ನಿರ್ಧರಿಸುವ ಮೀಟಿಂಗಿನಲ್ಲಿ ತಮಗೂ ಸ್ಥಾನವಿರಬೇಕು, ಒಪ್ಪಿಗೆಯಿಲ್ಲದ ತಿರಸ್ಕಾರವನ್ನು ಕಾರಣ ಬರೆದು ಮರುಪರಿಶೀಲನೆಗೆ ಕಳುಹಿಸುವ ಅಧಿಕಾರ ಬೇಕು.

ಮೇಲಧಿಕಾರಿಯ ಮುಂದೆ ಇದನ್ನು ಹೇಗೆ ಹೇಳುವುದೆಂಬುದಕ್ಕೇ ಎರಡು ಭೇಟಿಗಳು ಹಿಡಿದವು. ಮೊದಲ ಅಭ್ಯಾಸದಲ್ಲಿ ಅವರು ಕ್ಷಮೆ ಕೇಳುತ್ತಲೇ ಮಾತು ಆರಂಭಿಸಿದರು, ಎರಡನೆಯದರಲ್ಲಿ ಎರಡು ವರ್ಷದ ಸಿಟ್ಟನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದರು. ಎರಡೂ ಬೇಡವೆಂದೆ. "ನನಗೆ ಕಷ್ಟವಾಗುತ್ತಿದೆ" ಎಂದರೆ ಕೇಳುವವರು ಅನುಕಂಪ ತೋರಿಸಿ ಸುಮ್ಮನಾಗಬಹುದು. "ಈ ಎರಡು ಬೆಳಗುಗಳನ್ನು ಹೀಗೆ ಹೊಂದಿಸಿಕೊಳ್ಳಬಹುದು, ಮೂರು ತಿಂಗಳು ನೋಡೋಣ" ಎಂದರೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಮಾತುಕತೆ ಮುಗಿದ ದಿನವೇ ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಬೇಕೆಂದೂ ಸೂಚಿಸಿದೆ. ಎಲ್ಲ ಕಚೇರಿಗಳಲ್ಲೂ ಹೀಗೆ ಮಾತಾಡುವುದು ಸುರಕ್ಷಿತವಲ್ಲ. ಅವಮಾನ, ಬೆದರಿಕೆ, ಕಿರುಕುಳ ಇರುವಲ್ಲಿ ಇಂತಹ ಸಂಭಾಷಣೆಯನ್ನು ನಾನು ಹೇಳಿಕೊಡುವುದಿಲ್ಲ. ಅಲ್ಲಿ ಘಟನೆಗಳನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ಔಪಚಾರಿಕವಾಗಿ ದೂರು ಕೊಡುವ ದಾರಿಯೇ ಬೇರೆ. ಇವರ ಮೇಲಧಿಕಾರಿ ಕೆಟ್ಟವರಾಗಿರಲಿಲ್ಲ, ಗಮನ ಕೊಡದವರಾಗಿದ್ದರು ಅಷ್ಟೇ.

ಎರಡು ಬೆಳಗುಗಳು ಸಿಕ್ಕವು. ಅವರು ಮೀಟಿಂಗಿನಲ್ಲಿ ಕುಳಿತುಕೊಳ್ಳಲು ಮೇಲಧಿಕಾರಿ ಒಪ್ಪಿದರು, ಮಾತಿಗೆ ಬೆಲೆ ಸಿಗುವುದು ಮಾತ್ರ ಒಮ್ಮೊಮ್ಮೆ. ಮೂರನೆಯ ಕೋರಿಕೆಯನ್ನು ನೇರವಾಗಿ ನಿರಾಕರಿಸಿದರು. ಈ ಮಹಿಳೆಗೆ ನಿಜಕ್ಕೂ ಮುಖ್ಯವಾಗಿದ್ದದ್ದು ಅದೇ ಎಂಬುದು ನಿರಾಕರಣೆಯ ನಂತರವೇ ಇಬ್ಬರಿಗೂ ಸ್ಪಷ್ಟವಾಯಿತು. ಆರು ತಿಂಗಳ ಗಡುವು ಹಾಕಿಕೊಂಡು, ಅಷ್ಟರಲ್ಲಿ ಮನೆಯ ಖರ್ಚಿನ ಲೆಕ್ಕವನ್ನು ಪತಿಯೊಡನೆ ಕುಳಿತು ನೋಡುವುದು, ಹೊರಗಿನ ಅವಕಾಶಗಳನ್ನು ವಿಚಾರಿಸುವುದು ಎಂದು ನಿಶ್ಚಯಿಸಿದೆವು. ಐದನೆಯ ತಿಂಗಳಿನಲ್ಲಿ ಅವರು ತಮ್ಮ ಹಳೆಯ ಹುದ್ದೆಗೆ, ಕಡಿಮೆ ಸಂಬಳಕ್ಕೆ, ಮರಳಲು ಅರ್ಜಿ ಬರೆದುಕೊಟ್ಟರು. ಜನ ಇದನ್ನು ಹಿಂಬಡ್ತಿ ಎನ್ನುವುದಿಲ್ಲವೇ ಎಂದು ನನ್ನನ್ನು ಕೇಳಿದರು. ಎನ್ನುತ್ತಾರೆ ಎಂದೆ.

ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಹೊಟ್ಟೆನೋವು ಈಗಲೂ ಕೆಲವು ವಾರ ಬರುತ್ತದೆ; ಬಂದಾಗ ಅವರು ಮರುದಿನದ ಕೆಲಸಗಳ ಪಟ್ಟಿಯನ್ನು ತೆಗೆದು, ತಮ್ಮ ಮನಸ್ಸಿಗೆ ವಿರುದ್ಧವಾಗಿ ಸಹಿ ಹಾಕಬೇಕಾದ ಕಡತ ಯಾವುದೆಂದು ಹುಡುಕುತ್ತಾರಂತೆ, ಹೆಚ್ಚಿನ ಸಲ ಅದು ಅಲ್ಲಿ ಇರುತ್ತದಂತೆ.